ಅಕ್ಷರದ ಬಾಗೂ ಗರಗಸದ ಆಯ್ಕೆಯೂ

ಕೊಳ್ಳುವ ಮೊದಲು ಕೆಲಸವನ್ನು ತಿಳಿಯಬೇಕೆಂದು ಪರರಿಗೆ ಹೇಳುವದು ಸುಲಭವು. ತಾವೇ ಹಾಗೆ ನಡೆಯುವದು ಕಠಿಣವು. ಹೋದ ವರ್ಷ ನಾವು ಒಂದು ಗರಗಸವನ್ನು ಕೊಳ್ಳಹೋಗಿ ಕಲಿತ ಪಾಠವು ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುವೆವು.

ನಮ್ಮ ತಂಗಿಯ ಮಗನು ಲಕ್ಷ್ಮೇಶ್ವರದಲ್ಲಿ ಅಂಗಡಿಗಳ ಫಲಕಗಳನ್ನು ಕುಂಚದಿಂದ ಬರೆದು ಸಂಸಾರ ಸಾಗಿಸುವವನು. ಫ್ಲೆಕ್ಸ್ ಬಂದಂದಿನಿಂದ ಅವನ ಕುಂಚಕ್ಕೆ ಕೆಲಸವು ಕಡಿಮೆಯಾಯಿತು. ಈಗ ವ್ಯಾಪಾರಸ್ಥರು ಅಕ್ರಿಲಿಕ್ ಹಾಳೆಯಲ್ಲಿ ಕೊಯ್ದು, ಫಲಕದ ಮೇಲೆ ಉಬ್ಬಿ ಕಾಣುವಂತೆ ಅಂಟಿಸಿದ ಅಕ್ಷರಗಳನ್ನು ಬೇಡುತ್ತಾರೆ. "ಮಾಮಾ, ಒಂದ್ ಮಶಿನ್ ಕೊಡಸ್ರಿ. ನಾ ದುಡದು ತೀರಸ್ತೀನಿ" ಎಂದು ಅವನು ಬೆಟಗೇರಿಯ ನಮ್ಮ ಮನೆಗೆ ಬಂದು ಕೇಳಿದಾಗ ನಾವು ಇಲ್ಲೆನ್ನಲಿಲ್ಲ. ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ತಿನ ಜಿಗ್ಸಾ ಒಂದನ್ನು ಕೊಡಿಸಿದೆವು. ಹಲ್ಲು ಸಣ್ಣದಾದಷ್ಟೂ ಅಂಚು ನುಣುಪಾಗುವದೆಂದು ನಾವೇ ತರ್ಕಿಸಿ, ಕಬ್ಬಿಣ ಕೊಯ್ಯುವ ಅತಿ ಸಣ್ಣ ಹಲ್ಲಿನ ಅಲಗುಗಳನ್ನು ಆರಿಸಿದೆವು.

ಮೊದಲನೆಯ ಕೆಲಸವು ಶಿರಹಟ್ಟಿಯ ಒಂದು ಕಿರಾಣಿ ಅಂಗಡಿಯದು. ದೀಪಾವಳಿಯೊಳಗೆ ಫಲಕವು ಏರಬೇಕು. ಮುಂಗಡ ಹಣವೂ ಕೈಸೇರಿತ್ತು. ಹಬ್ಬವು ಸಮೀಪಿಸಿತೆಂದು ನಾವು ಯಂತ್ರವನ್ನು ಪೂರ್ಣ ವೇಗದಲ್ಲಿ ಓಡಿಸಹೇಳಿದೆವು. 'ಶ್ರೀ' ಅಕ್ಷರದ ಮೊದಲ ಬಾಗಿಗೇ ವಿಘ್ನವು ಬಂದಿತು. "ಮಾಮಾ, ಗರಗಸ ಮುಂದ ಹೋದಂಗ ಹಿಂದ ಸೀಳು ಕೂಡಾಕ ಹತ್ತೈತಿ" ಎಂದು ಹುಡುಗನು ಕೂಗಿದನು. ನಿನ್ನ ಕೈಯಲ್ಲಿ ಸ್ಥಿರತೆಯಿಲ್ಲವೆಂದು ನಾವು ಗದರಿಸಿದೆವು. ಮೂರು ಹಾಳೆಗಳು ಕೆಟ್ಟವು. ಆ ರಾತ್ರಿ ಬಡಿಸುವಾಗ ನಮ್ಮ ತಂಗಿಯು ಒಂದು ಮಾತನ್ನೂ ಆಡಲಿಲ್ಲ.

ಮರುದಿನ ಮುಂಡರಗಿಯಿಂದ ಬಂದ ಪರಿಚಯದ ಬಡಿಗೇರರು ಕೆಟ್ಟ ತುಂಡನ್ನು ನೋಡಿದರು, ಅಲಗಿಗೆ ಮೆತ್ತಿದ ಅಂಟನ್ನು ಉಗುರಿನಿಂದ ಕೆದರಿದರು. "ಹುಡುಗನ ಕೈ ತಪ್ಪಲ್ಲರಿ. ಅಲಗ ತಪ್ಪೈತಿ, ಓಟ ತಪ್ಪೈತಿ" ಎಂದರು. ಅಲಗನ್ನು ಆರಿಸಿದವರು ನಾವು; ಓಡಿಸಹೇಳಿದವರೂ ನಾವೇ.

ಕಾರಣವು ಸರಳವಾದದ್ದು. 1933ರಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಿಂದ ಪ್ರಸಿದ್ಧಿಗೆ ಬಂದ ಈ ವಸ್ತುವು ಕಟ್ಟಿಗೆಯಂತೆ ಅಲ್ಲ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಮೆತ್ತಗಾಗುವದು. ಅತಿ ಸಣ್ಣ ಹಲ್ಲುಗಳ ನಡುವೆ ಪುಡಿಯು ಸಿಕ್ಕಿ, ತಿಕ್ಕಾಟದಿಂದ ಕರಗಿ, ಕೊಯ್ದ ಸೀಳನ್ನೇ ಮತ್ತೆ ಬೆಸೆಯುವದು. ಹಲ್ಲು ಬಹಳ ದೊಡ್ಡದಾದರೆ ಅಂಚು ಸಿಡಿಯುವದು. ಆದುದರಿಂದ ಇಂಚಿಗೆ 10ರಿಂದ 14 ಹಲ್ಲುಗಳುಳ್ಳ ಕಿರಿದಾದ ಅಲಗು, ಕಡಿಮೆ ವೇಗ, ನೂಕದೆ ನಡೆಸುವ ಕೈ, ಇವು ಮೂರೂ ಕೂಡಿರಬೇಕು. ಅಲಗನ್ನು ಹಿಂದುಮುಂದಾಗಿ ತೂಗಿಸುವ ಏರ್ಪಾಡು ಯಂತ್ರದಲ್ಲಿದ್ದರೆ ಅದನ್ನು ನಿಲ್ಲಿಸಿಡಬೇಕು. ಹಾಳೆಯ ಮೇಲಿನ ಕಾಗದವನ್ನು ಕೀಳಬಾರದು. ಹಾಳೆಯು ಅದುರದಂತೆ ಕೊಯ್ಯುವ ಗೆರೆಯ ಹತ್ತಿರವೇ ಆನಿಕೆ ಕೊಟ್ಟು ಬಿಗಿಯಬೇಕು. 'ಠ'ದಂಥ ಅಕ್ಷರದ ಹೊಟ್ಟೆಯೊಳಗೆ ಮೊದಲು ಬೈರಿಗೆಯಿಂದ ತೂತು ಕೊರೆದು ಅಲಗನ್ನು ಇಳಿಸಬೇಕು. ಗೆರೆಯಿಂದ ಒಂದು ಮಿಲಿಮೀಟರ್ ಹೊರಗೆ ಕೊಯ್ದು, ಉಳಿದುದನ್ನು ಅರದಿಂದಲೂ ನೀರುಕಾಗದದಿಂದಲೂ ತಿದ್ದಬೇಕು. ಕಣ್ಣಿಗೆ ಕನ್ನಡಕವೂ ಮೂಗಿಗೆ ಮುಸುಕೂ ಬೇಕೇ ಬೇಕು.

ಜಿಗ್ಸಾದ ಹುಟ್ಟು ನಮ್ಮ ಗೃಹಿಣಿಯರಿಗೆ ಹಿಡಿಸೀತು. 1946ರಲ್ಲಿ ಸ್ವಿಟ್ಜರ್ಲಂಡಿನ ಆಲ್ಬರ್ಟ್ ಕೌಫ್‌ಮನ್ ಎಂಬವರು ಹೊಲಿಗೆಯ ಯಂತ್ರದ ಸೂಜಿಯನ್ನು ತೆಗೆದು, ಅಲ್ಲಿ ಗರಗಸದ ಅಲಗನ್ನು ಸಿಕ್ಕಿಸಿದರಂತೆ! ಸೀರೆಯ ಅಂಚಿನ ಬಾಗನ್ನು ಯಂತ್ರದ ಕೆಳಗೆ ತಿರುಗಿಸಿ ಹೊಲಿದವರಿಗೆ ಇದರ ಮರ್ಮವು ಕೂಡಲೆ ತಿಳಿಯುವದು.

ಬೇರೆ ಯಂತ್ರಗಳನ್ನೂ ವಿಚಾರಿಸಿದೆವು. ಮೇಜಿನ ಮೇಲೆ ನಿಲ್ಲುವ ಸ್ಕ್ರೋಲ್ ಸಾದ ಅಲಗು ಬಲು ತೆಳುವು; ಅಂಗೈಯಗಲದ ಅಕ್ಷರಗಳ ಬಿಗಿಯಾದ ಬಾಗುಗಳಿಗೆ ಅದೇ ಉತ್ತಮವು. ಆದರೆ ಅದರ ಕೊರಳಿನ ಆಳಕ್ಕಿಂತ ದೊಡ್ಡ ಹಾಳೆಯು ಅಲ್ಲಿ ತಿರುಗದು. ಒಂದೇ ಆಕಾರವನ್ನು ನೂರು ಸಲ ಕೊಯ್ಯಬೇಕಾದರೆ ಪ್ಲೈವುಡ್ಡಿನ ಮಾದರಿಯನ್ನು ಅನುಸರಿಸಿ ನಡೆಯುವ ರೌಟರ್ ಲೇಸು. ಲೇಸರ್ ಯಂತ್ರವು ಅಂಚನ್ನು ಗಾಜಿನಂತೆ ಹೊಳೆಯಿಸುವದು ನಿಜ. ಆದರೆ ಬೆಲೆಯು ಹೆಚ್ಚು, ಹೊಗೆಗೆ ದಾರಿ ಮಾಡಬೇಕು, ಹಾಳೆಗೆ ಬೆಂಕಿ ಹತ್ತದಂತೆ ಕಾವಲಿರಬೇಕು. ಅದರಲ್ಲಿ ಪಿ.ವಿ.ಸಿ. ಹಾಳೆಯನ್ನಂತೂ ಇಡಲೇಬಾರದು, ವಿಷದ ಹೊಗೆ ಏಳುವದು. ತಿಂಗಳಿಗೆ ನಾಲ್ಕು ಫಲಕ ಬರೆಯುವವನು ಸಾಲ ಮಾಡಿ ಅದನ್ನು ಕೊಳ್ಳುವದು ಇರುವೆಯು ಆನೆಯ ಭಾರವನ್ನು ಹೊತ್ತಂತೆಯೇ ಸರಿ. ಅಂಥ ಕೆಲಸ ಬಂದಾಗ ಕೂಲಿ ಕೊಟ್ಟು ಕೊಯ್ಯಿಸಿಕೊಂಡರೆ ಸಾಕು.

ನಮ್ಮ ಗದುಗಿನ ತ್ರಿಕೂಟೇಶ್ವರನ ಆವರಣದಲ್ಲಿ ಸರಸ್ವತಿಯ ಗುಡಿಯ ಕಂಬಗಳನ್ನು ಯಾರು ನೋಡಿಲ್ಲ? ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಮೆತ್ತನೆಯ ಬಳಪದ ಕಲ್ಲನ್ನು ಹಿಡಿದರು. ಲಕ್ಕುಂಡಿಯ ಸೂಕ್ಷ್ಮ ಕೆತ್ತನೆಯು ಅದರಿಂದ ಸಾಧ್ಯವಾಯಿತು. ಕೈಚಳಕವು ದೊಡ್ಡದು, ಆದರೆ ವಸ್ತುವಿನ ಗುಣವನ್ನು ಅರಿತು ಆಯುಧವನ್ನೆತ್ತುವ ವಿವೇಕವು ಅದಕ್ಕೂ ಮೊದಲಿನದು.

ಬಡಿಗೇರರು ಹೋದ ಮೇಲೆ, ಹಿರಿಯರೆಂಬ ಸಂಕೋಚವನ್ನು ಬದಿಗಿಟ್ಟು, "ತಪ್ಪು ನಂದಪಾ" ಎಂದು ಅಳಿಯನಿಗೆ ಹೇಳಿದೆವು. ಅವನು ತಲೆ ತಗ್ಗಿಸಿ ಹೊಸ ಅಲಗನ್ನು ಸಿಕ್ಕಿಸುತ್ತಲಿದ್ದನು. ಕೆಟ್ಟ ಹಾಳೆಗಳ ಬೆಲೆಯನ್ನು ನಾವೇ ತೆತ್ತೆವು. ಅದನ್ನು ಅವನ ಸಾಲದ ಲೆಕ್ಕದಲ್ಲಿ ಬರೆಯಲಿಲ್ಲ. ಫಲಕವು ನರಕಚತುರ್ದಶಿಯ ಹಿಂದಿನ ಸಂಜೆ ಶಿರಹಟ್ಟಿಯಲ್ಲಿ ಏರಿತು. 'ಶ್ರೀ'ಯ ಬಾಗಿನಲ್ಲಿ ಇನ್ನೂ ಒಂದು ಸಣ್ಣ ಒರಟುಂಟು. ಅಂಗಡಿಯವರ ಕಣ್ಣಿಗೆ ಅದು ಬಿದ್ದಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ನಮ್ಮ ಕಣ್ಣಿಗೆ ಮಾತ್ರ ತಪ್ಪದೆ ಬೀಳುವದು.