ಮಂಡಗದ್ದೆಯ ಮಬ್ಬು ಬೆಳಕಿನಲ್ಲಿ

ಹೊರಗೆ ಆಷಾಢದ ಮಳೆ ಬಿಡದೆ ಹೊಯ್ಯುತ್ತಿತ್ತು. ಬಚ್ಚಲೊಲೆಯ ಮುಂದೆ ಕುಳಿತು ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದೆವು. ಅಣ್ಣನ ಮಗಳು ಪುಟ್ಟಿ ಮೊಬೈಲ್ ಮುಂದೆ ಹಿಡಿದಳು. "ಚಿಕ್ಕಪ್ಪ, ಹಕ್ಕಿ ನೋಡ್ಲಿಕ್ಕೆ ಅಂತ ದುಡ್ಡು ಕೂಡಿಟ್ಟಿದೀನಿ. ಯಾವ ಬೈನಾಕ್ಯುಲರ್ ತಗೊಳ್ಳಲಿ? ಬ್ಯಾಗಲ್ಲಿ ಹಿಡಿಸೋವಷ್ಟು ಸಣ್ಣದು ಬೇಕು. ಇದು ಹತ್ತು ಪಟ್ಟು ತೋರಿಸ್ತದಂತೆ, ಇದು ಇಪ್ಪತ್ತು." ಆ ಇಪ್ಪತ್ತು ಎಂಬ ಮಾತು ಕೇಳಿದ್ದೇ ನನಗೆ ಮಂಡಗದ್ದೆಯ ಬೆಳಗು ನೆನಪಾಯಿತು.

ಆಗ ನಾನು ತೀರ್ಥಹಳ್ಳಿ ಕಡೆಯ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ್ದ ಮೇಷ್ಟ್ರು. ಹಕ್ಕಿಗಳ ಹುಚ್ಚು ಹತ್ತಿದ್ದ ಹೊಸತು. ಜಾತ್ರೆಯ ಅಂಗಡಿಯಲ್ಲಿ, ಮಡಚಿದರೆ ಅಂಗೈಯಲ್ಲಿ ಕೂರುವ ದುರ್ಬೀನೊಂದು ಕಂಡಿತು. ಮೈಮೇಲೆ 30×60 ಎಂಬ ಬಿಳಿ ಬರಹ. ಮುಂದಿನ ಗಾಜುಗಳು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಝಗಝಗಿಸುವ ದೀಪಗಳ ನಡುವೆ ಗುಡಿಯ ಕಳಶವನ್ನು ನೋಡಿದೆ, ಚೆನ್ನಾಗಿಯೇ ಕಂಡಿತು. ಮೂವತ್ತು ಪಟ್ಟು ಹತ್ತಿರ ತರುವ ವಸ್ತು ಇನ್ನೂರೈವತ್ತು ರೂಪಾಯಿಗೆ! ಕೊಂಡುಬಿಟ್ಟೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗೆಯ ದಡದಲ್ಲೇ ಮಂಡಗದ್ದೆ. ಹೊಳೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಹೊಳೆ ಏರಿದಾಗ ಮರಗಳ ಬುಡ ಮುಳುಗಿ, ಹಕ್ಕಿ ಹೊತ್ತ ತಲೆಗಳಷ್ಟೇ ಕೆಂಪು ನೀರಿನ ಮೇಲೆ ನಿಂತಿರುತ್ತವೆ. ನಾನು ಹೋದದ್ದು ಅಂಥದೇ ಆಗಸ್ಟಿನ ಒಂದು ಬೆಳಿಗ್ಗೆ, ಆರೂವರೆಗೆ. ಮುಗಿಲು ಕವಿದು ಇನ್ನೂ ಸರಿಯಾಗಿ ಬೆಳಕೇ ಆಗಿರಲಿಲ್ಲ.

ದುರ್ಬೀನು ಕಣ್ಣಿಗಿಟ್ಟೆ. ನಡುಗಡ್ಡೆ ಪಾಚಿ ನೀರಿನೊಳಗೆ ಮುಳುಗಿದ ಹಾಗೆ ಹಸಿರು ಹಸಿರಾಗಿ, ಕಪ್ಪಾಗಿ ಕಂಡಿತು. ಎರಡು ಕಣ್ಣಿನ ಚಿತ್ರಗಳು ಒಂದಾಗಲೇ ಇಲ್ಲ. ಕನ್ನಡಕ ತೆಗೆದೆ, ಹಾಕಿದೆ, ಗಾಲಿ ತಿರುಗಿಸಿದೆ. ಹತ್ತೇ ನಿಮಿಷಕ್ಕೆ ಹಣೆ ಸಿಡಿಯತೊಡಗಿತು. ಬರಿಗಣ್ಣಿಗೆ ಬೆಳ್ಳಗೆ ಕಾಣುತ್ತಿದ್ದ ಹಕ್ಕಿಯ ಕೊಕ್ಕು ಹಳದಿಯೋ ಕಪ್ಪೋ ಎಂಬುದು ದುರ್ಬೀನಿನಲ್ಲಿ ತಿಳಿಯಲಿಲ್ಲ. ಬೆಳ್ಳಕ್ಕಿಗಳಲ್ಲಿ ಯಾವುದು ಯಾವುದೆಂದು ಗುರುತಿಸಲು ಮೊದಲು ನೋಡುವುದೇ ಕೊಕ್ಕು, ಕಾಲು, ಬೆರಳುಗಳ ಬಣ್ಣವನ್ನು. ಅದೇ ಕೈಕೊಟ್ಟಿತ್ತು.

ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ಸುಮಾರು ಹೊತ್ತು ನನ್ನನ್ನೇ ಗಮನಿಸಿರಬೇಕು. "ಅದನ್ನ ಇಳಿಸಿ ಮಾರಾಯ್ರೆ. ಚೀಲದಲ್ಲಿ ಸ್ಕೇಲ್ ಉಂಟಾ?" ಎಂದರು. ಮೇಷ್ಟ್ರ ಚೀಲದಲ್ಲಿ ಸ್ಕೇಲ್ ಇಲ್ಲದಿರುತ್ತದೆಯೇ? ಮುಂದಿನ ಗಾಜಿಗೆ ಹಿಡಿದು ಅಳೆದರು. 22 ಮಿಲಿಮೀಟರ್. "30×60ರಲ್ಲಿ ಮೊದಲಿನದು ಎಷ್ಟು ಪಟ್ಟು ಅಂತ, ಎರಡನೆಯದು ಈ ಗಾಜಿನ ಅಗಲ. ಅರವತ್ತು ಎಲ್ಲಿದೆ ಇಲ್ಲಿ? ಅದು ಸುಳ್ಳಾದ ಮೇಲೆ ಮೂವತ್ತೂ ಸುಳ್ಳೇ." ಗಾಜಿನ ಕೆಂಪು ಲೇಪವೂ ಅಂದಕ್ಕೇ. ಅದು ಕೆಂಪು ಬೆಳಕನ್ನು ಹೊರಕ್ಕೇ ತಳ್ಳುತ್ತದೆ. ಒಳಗೆ ಬರುವ ಚಿತ್ರಕ್ಕೆ ಹಸಿರು ಛಾಯೆ ಉಳಿಯುತ್ತದೆ.

ಆಮೇಲೆ ತಮ್ಮ ಕೊರಳಿನದನ್ನು ತೆಗೆದು ನನ್ನ ಕೈಗಿಟ್ಟರು. 8×25. ಅದೂ ಅಂಗೈಯಷ್ಟೇ. ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಮಡಚಿ, "ಕನ್ನಡಕ ತೆಗೀಬೇಡಿ" ಎಂದರು. ಎರಡು ಕೊಳವೆಗಳನ್ನು ನನ್ನ ಕಣ್ಣಿನ ಅಂತರಕ್ಕೆ ಹೊಂದಿಸಿದರು. ಬಲಗಣ್ಣು ಮುಚ್ಚಿ ನಡುವಿನ ಗಾಲಿಯಿಂದ ಎಡಗಣ್ಣಿಗೆ ಸರಿಮಾಡಿಸಿದರು. ಎಡಗಣ್ಣು ಮುಚ್ಚಿ ಬಲಗಡೆಯ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಲು ಹೇಳಿದರು. ಎರಡೂ ಕಣ್ಣು ತೆರೆದೆ.

ಹಾವಕ್ಕಿ ಗೂಡಿನ ಅಂಚಿನಲ್ಲಿ ನಿಂತಿತ್ತು. ನೆನೆದ ರೆಕ್ಕೆ ಅರೆಬಿಚ್ಚಿ, ಕೊರಳು ಹಾವಿನ ಹಾಗೆ ಮಡಚಿ. ಬಿಳಿ ತುಪ್ಪಳದ ಮರಿಯೊಂದು ತಾಯಿಯ ಗಂಟಲೊಳಗೆ ತಲೆಯನ್ನೇ ತೂರಿಸಿ ಮೀನು ಎಳೆದುಕೊಳ್ಳುತ್ತಿತ್ತು. ಪಕ್ಕದ ಕೊಂಬೆಯ ಬೆಳ್ಳಕ್ಕಿಯ ಕಪ್ಪು ಕೊಕ್ಕು, ಹಳದಿ ಬೆರಳು ಎರಡೂ ಸ್ಪಷ್ಟ. ಮೂವತ್ತು ತೋರಿಸದ್ದನ್ನು ಎಂಟು ತೋರಿಸಿತು. ಅಷ್ಟು ಹೊತ್ತು ನಾನು ಉಸಿರಾಡಿದೆನೋ ಇಲ್ಲವೋ.

ಇಷ್ಟು ಹೇಳಿ ಮುಗಿಸಿದ್ದೇ ಪುಟ್ಟಿ ಕೇಳಿದಳು, "ಹಾಗಾದ್ರೆ ಹತ್ತು ಬೇಡ್ವಾ?"

ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸು ಎಂದೆ. 25ನ್ನು 8ರಿಂದ ಭಾಗಿಸಿದರೆ 3 ಮಿಲಿಮೀಟರಿಗೆ ತುಸು ಹೆಚ್ಚು. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಅಗಲ. 10×25ರಲ್ಲಿ ಅದು ಎರಡೂವರೆಗೆ ಇಳಿಯುತ್ತದೆ. ಬಿಸಿಲಿನಲ್ಲಿ ಎರಡೂ ಒಂದೇ ಅನ್ನಿಸೀತು. ಮಲೆನಾಡಿನ ಮಳೆಗಾಲದ ಬೆಳಗಿಗೆ, ಕಾಡಿನ ನೆರಳಿಗೆ ಆ ಅರ್ಧ ಮಿಲಿಮೀಟರಿನ ಬೆಲೆ ದೊಡ್ಡದು. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಹಿಗ್ಗುತ್ತದೆ, ಕಾಣುವ ಬಯಲು ಕಿರಿದಾಗುತ್ತದೆ. ಎಲೆ ನಡುವೆ ಪುಟಿಯುವ ಟುವ್ವಿಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿರುತ್ತದೆ. ಪಟ್ಟನ್ನು ಹೆಚ್ಚು ಕಡಿಮೆ ಮಾಡುವ ಜೂಮ್ ದುರ್ಬೀನಂತೂ ಕಡಿಮೆ ಬೆಲೆಯಲ್ಲಿ ಬೇಡವೇ ಬೇಡ. ಬೆಳಕಿನ ಲೆಕ್ಕದಲ್ಲಿ 8×42 ಇವೆಲ್ಲಕ್ಕಿಂತ ಮೇಲು. ಆದರೆ ತೂಕ ಸಾಮಾನ್ಯವಾಗಿ 600 ಗ್ರಾಂ ದಾಟುತ್ತದೆ, ಬ್ಯಾಗಿನಲ್ಲಿ ಹಿಡಿಸದೆ ಮನೆಯಲ್ಲೇ ಉಳಿಯುತ್ತದೆ. ದುಡ್ಡು ಒಂದಿಷ್ಟು ಕೂಡಿಬಂದರೆ 8×32, ಇಲ್ಲವಾದರೆ 8×25.

ಅವಳಿಗೆ ಇನ್ನೊಂದು ಮಾತು ಹೇಳಿದೆ. ಅಂಗಡಿಯಲ್ಲಿ ದುರ್ಬೀನನ್ನು ತೋಳು ಚಾಚಿ ಆಕಾಶಕ್ಕೆ ಹಿಡಿ. ಕಣ್ಣಿನ ಕಡೆಯ ಗಾಜಿನಲ್ಲಿ ಕಾಣುವ ಬೆಳಕಿನ ಚುಕ್ಕೆ ದುಂಡಗಿರಬೇಕು. ಅಂಚು ಬೂದಾಗಿ ಚೌಕದಂತೆ ಕಂಡರೆ ಒಳಗಿನ ಪ್ರಿಸಂ ಅಗ್ಗದ್ದು. ನಿನ್ನಂತೆ ಕನ್ನಡಕದವರಿಗೆ ಐ ರಿಲೀಫ್, ಅಂದರೆ ಗಾಜಿನಿಂದ ಕಣ್ಣು ಇರಬಹುದಾದ ದೂರ, 15 ಮಿಲಿಮೀಟರ್ ಆದರೂ ಇರಲಿ. ನಮ್ಮ ಕಡೆ ಗಾಜಿಗೆ ಬೂಷ್ಟು ಹಿಡಿಯುವುದು ಬೇಗ. ನೀರು ನುಗ್ಗದ, ಒಳಗೆ ನೈಟ್ರೋಜನ್ ತುಂಬಿದ್ದು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಆ ಹಿರಿಯರ ಹೆಸರು ಕೇಳಲೂ ನನಗೆ ಅವತ್ತು ತೋಚಲಿಲ್ಲ. ನಾಲ್ಕು ತಿಂಗಳು ಉಳಿಸಿ ಅವರದೇ ಬಗೆಯ 8×25 ಕೊಂಡೆ. ಅದು ಇವತ್ತಿಗೂ ಬಿಸ್ಕತ್ ಡಬ್ಬಿಯಲ್ಲಿದೆ, ಗಾಜು ತಿಳಿಯಾಗಿದೆ. ಪುಟ್ಟಿಗೆ ಹೇಳಿದ್ದೇನೆ: ಅಂಗಡಿಗೆ ಸಂಜೆ ಆರರ ಮೇಲೆ ಹೋಗೋಣ, ದುರ್ಬೀನನ್ನು ಟ್ಯೂಬ್‌ಲೈಟಿನ ಕೆಳಗೆ ನೋಡದೆ ಬೀದಿಗೆ ತಂದು, ಎದುರು ಮರದ ಕತ್ತಲೆಗೆ ಹಿಡಿದು ನೋಡೋಣ. ನೀವೂ ಹಾಗೇ ಮಾಡಿ.