ಹೆಸರು ಹಾಕಿದರೆ ಸಾಕು

ಫಿಲಡೆಲ್ಫಿಯಾ ಕೌಂಟಿಯ ಕ್ರಿಮಿನಲ್ ಪ್ರಕರಣಗಳನ್ನು ನೋಡಲು ವಕೀಲರೇ ಆಗಬೇಕಿಲ್ಲ. ಪೆನ್ಸಿಲ್ವೇನಿಯಾ ನ್ಯಾಯಾಲಯಗಳ ಜಾಲತಾಣದಲ್ಲಿ ಹೆಸರು ಹಾಕಿದರೆ ಸಾಕು. ಆರೋಪ, ವಿಚಾರಣೆಯ ದಿನ, ತೀರ್ಪು ಎಲ್ಲವೂ ಪುಕ್ಕಟೆಯಾಗಿ ಸಿಗುತ್ತವೆ. ನ್ಯಾಯದಾನ ಗುಟ್ಟಾಗಿ ನಡೆಯಬಾರದಲ್ಲ! ನನ್ನ ಪಿಎಚ್‌ಡಿ ನಿಂತಿರುವುದೇ ಈ ಕಡತಗಳ ಮೇಲೆ.

ಆದರೆ ಅದೇ ಪುಟವನ್ನು ಮನೆ ಬಾಡಿಗೆಗೆ ಕೊಡುವವರೂ ಕೆಲಸ ಕೊಡುವವರೂ ನೋಡಬಹುದು. ಪ್ರಕರಣ ವಜಾ ಆಗಿದ್ದರೂ ಕಣ್ಣು ಮೊದಲು ನಿಲ್ಲುವುದು ಆರೋಪದ ಮೇಲೆ. ಅದಕ್ಕೇ 2018ರ ಕ್ಲೀನ್ ಸ್ಲೇಟ್ ಕಾನೂನು, ಶಿಕ್ಷೆಯಾಗದ ಪ್ರಕರಣಗಳನ್ನೂ ಹಳೆಯ ಹಲವು ಸಣ್ಣ ಅಪರಾಧಗಳನ್ನೂ, ಯಾರೂ ಅರ್ಜಿ ಹಾಕದಿದ್ದರೂ, ಸಾರ್ವಜನಿಕರ ಕಣ್ಣಿನಿಂದ ಮರೆಮಾಡುತ್ತದೆ.

ಹೋದ ವರ್ಷ ಬರೆದಿಟ್ಟುಕೊಂಡ ಕೆಲವು ಪ್ರಕರಣ ಸಂಖ್ಯೆಗಳನ್ನು ಈಗ ಹಾಕಿದರೆ ಏನೂ ಬರುವುದಿಲ್ಲ. ಸಂಶೋಧಕಿಗೆ ಅದು ನಷ್ಟ. ಇನ್ನಾರಿಗೋ ಬಾಡಿಗೆ ಮನೆ ಸಿಕ್ಕಿರಬಹುದು.