ಸಾರಥಿಯ ಅಧಿಕಾರ

ರಾತ್ರಿಯೆಲ್ಲ ನಿದ್ದೆಗೆಟ್ಟು ಬಯಲಾಟ ನೋಡಿ ಬಂದ ಮಂದಿ ಅರಸನ ಆರ್ಭಟವನ್ನೂ ರಾಣಿಯ ರಾಗವನ್ನೂ ಎರಡು ದಿನ ಕೊಂಡಾಡಿ ಮೂರನೆಯ ದಿನ ಮರೆತುಬಿಡುವರು. ಹಾಸ್ಯಗಾರನ ಮಾತು ಮಾತ್ರ ಬರುವ ಸುಗ್ಗಿಯವರೆಗೂ ಹೊಲದ ಬದುವಿನಲ್ಲಿಯೂ ಚಹಾದಂಗಡಿಯ ಬೆಂಚಿನಲ್ಲಿಯೂ ಚಲಾವಣೆಯಲ್ಲಿರುವುದು. ಹೀಗಿದ್ದೂ ಕರಪತ್ರದಲ್ಲಿ ಅವನ ಹೆಸರು ಕಡೆಯ ಸಾಲಿಗೆ. ನಮ್ಮ ರಾಯಚೂರು ಸೀಮೆಯ ದೊಡ್ಡಾಟದಲ್ಲಿ ಆತನಿಗೆ ಸಾರಥಿಯೆಂದು ಹೆಸರು. ಓಡಿಸಲು ರಥವಿಲ್ಲ, ಹಿಡಿಯಲು ಲಗಾಮಿಲ್ಲ. ಆದರೂ ಗಣಪತಿಸ್ತುತಿಯಿಂದ ಬೆಳಗಿನ ಮಂಗಳದವರೆಗೆ ಆಟ ಸಾಗುವುದು ಅವನಿಂದಲೇ.

ದೇವದುರ್ಗದ ದಾರಿಯ ಹಳ್ಳಿಯೊಂದರಲ್ಲಿ ನನ್ನ ಸೋದರಮಾವ ಈ ಸಾರಥಿಯ ಪಾತ್ರವನ್ನು ಆಯುಷ್ಯದ ಬಹುಭಾಗ ನಿರ್ವಹಿಸಿದವರು. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಉಳಿದವರು ಮುಖಕ್ಕೆ ಬಣ್ಣ ಮೆತ್ತಿಸಿಕೊಂಡು, ಮರದ ಭುಜಕೀರ್ತಿಗಳನ್ನು ಹಗ್ಗದಿಂದ ಬಿಗಿಸಿಕೊಂಡು, ಕಿರೀಟದ ಭಾರಕ್ಕೆ ಕೊರಳು ಅಲುಗಿಸಲಾರದೆ ಕುಳಿತಿರುವಾಗ ಇವರು ಮನೆಯ ಧೋತರ, ಯಾರದೋ ಹಳೆಯ ಕೋಟು, ಓರೆಯಾಗಿ ಸುತ್ತಿದ ಪಟಗ ಇಷ್ಟರಲ್ಲಿಯೇ ಸಿದ್ಧರಾಗಿ ಬೀಡಿ ಹಚ್ಚುತ್ತಿದ್ದರು. ಅಷ್ಟು ಕಂಠವಿದ್ದೂ ಒಮ್ಮೆಯೂ ಅರಸನ ಪಾತ್ರವನ್ನೇಕೆ ಕಟ್ಟಲಿಲ್ಲವೆಂದು ಕೇಳಿದರೆ, "ಅರಸ ಆಗಬೇಕಾದ್ರ ಎರಡು ಚೀಲ ಜ್ವಾಳ ಮಾರಬೇಕಪಾ ಅಳಿಯ, ಸಾರಥಿ ಆಗಾಕ ಮನ್ಯಾಗಿನ ಧೋತರ ಸಾಕು" ಎನ್ನುವರು. ವೇಷಭೂಷಣದ ಬಾಡಿಗೆಯನ್ನೂ ಕಲಿಸುವ ಮಾಸ್ತರರ ಸಂಭಾವನೆಯನ್ನೂ ಪಾತ್ರಧಾರಿಗಳೇ ಹಂಚಿಕೊಂಡು ಭರಿಸುವ ಊರಾಟದಲ್ಲಿ ಇದು ಕೇವಲ ವಿನೋದವಲ್ಲ, ಲೆಕ್ಕಾಚಾರವೂ ಅಹುದು.

ಆದರೆ ಧೋತರದವನ ಅಧಿಕಾರವನ್ನು ನೋಡಬೇಕು. ಅಟ್ಟ ನಡುಗುವಂತೆ ಕುಣಿಯುತ್ತ ಬಂದ ರಾವಣನಾಗಲಿ ಬಾಣಾಸುರನಾಗಲಿ ಸಾರಥಿಯೆದುರು ನಿಂತು ತಾನಾರು, ತನ್ನ ಪಟ್ಟಣವಾವುದು, ಬಂದ ಕಾರಣವೇನು ಎಂಬುದನ್ನು ನಿವೇದಿಸಿಕೊಂಡಲ್ಲದೆ ಕಥೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗದು. ಈ ಪ್ರಶ್ನೋತ್ತರಕ್ಕೆ ಪ್ರಯೋಜನವೂ ಇತ್ತು: ಧ್ವನಿವರ್ಧಕವಿಲ್ಲದ ಬಯಲಿನಲ್ಲಿ, ಎಲ್ಲ ಅರಸರಿಗೂ ಒಂದೇ ಬಗೆಯ ಕಿರೀಟವಿರುವಲ್ಲಿ, ನಡುರಾತ್ರಿ ದನಕ್ಕೆ ಮೇವು ಹಾಕಿ ಬಂದು ಕೂತ ರೈತನಿಗೆ ಈಗ ಕುಣಿಯುತ್ತಿರುವವನು ಕರ್ಣನೋ ಅರ್ಜುನನೋ ತಿಳಿಯುವ ಬಗೆ ಬೇರಿರಲಿಲ್ಲ. ಅವನ ಪರವಾಗಿ ಕೇಳುವವನೇ ಸಾರಥಿ. ಕೇಳಿದ ಬೆನ್ನಿಗೇ ದೂತನೂ ಆಗುವನು, ದ್ವಾರಪಾಲಕನೂ ಆಗುವನು, ಅಗತ್ಯಬಿದ್ದರೆ ಸೆರಗು ಹೊದ್ದು ಮುದುಕಿಯೂ ಆಗುವನು. ವಿದೂಷಕ, ಪೋಷಕನಟ, ಸಂದರ್ಶಕ ಎಂದು ಇಂದು ನಾವು ಮೂವರಿಗೆ ಸಂಬಳ ಕೊಟ್ಟು ಮಾಡಿಸುವ ಉದ್ಯೋಗವನ್ನು ಆತ ಒಂದೇ ಪಟಗದ ಕೆಳಗೆ ನಡೆಸಿದನು.

ಅರಸನನ್ನು ಬಹಿರಂಗವಾಗಿ ಪ್ರಶ್ನಿಸುವುದು ಆ ಕಾಲದಲ್ಲಿ ಸಣ್ಣ ಮಾತೂ ಆಗಿರಲಿಲ್ಲ. 1948ರ ಸೆಪ್ಟೆಂಬರಿನವರೆಗೆ ರಾಯಚೂರು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದು. ಸಾರ್ವಜನಿಕ ಸಭೆ ಸೇರಬೇಕಾದರೆ ಸರ್ಕಾರದ ಮುನ್ನನುಮತಿ ಬೇಕೆಂಬ ಗಷ್ತಿ, ಅಂದರೆ ಸುತ್ತೋಲೆಯ ಆಜ್ಞೆ. ಅಂತಹ ನಾಡಿನ ಊರಬಯಲಿನಲ್ಲಿ ಕನ್ನಡದ ರೈತನೊಬ್ಬನು ಕಿರೀಟಧಾರಿಯನ್ನು ತಡೆದು "ಯಾರಪ್ಪಾ ನೀನು?" ಎನ್ನುತ್ತಿದ್ದನು. ಆ ಪ್ರಶ್ನೆ ಪುರಾಣದ ಅರಸನಿಗೆ ಮಾತ್ರ ಸಂಬಂಧಿಸಿದ್ದೆಂದು ಎಲ್ಲರೂ ಗಂಭೀರವಾಗಿ ನಂಬಿದಂತೆ ನಟಿಸುವರು. ಪ್ರೇಕ್ಷಕರೂ ಒಳ್ಳೆಯ ನಟರೇ.

ಅತ್ತ ವೃತ್ತಿನಾಟಕ ಕಂಪನಿಗಳ ಪರದೆ ಮೇಲೇರಿದಾಗ ಸಾರಥಿಯ ಪ್ರಶ್ನೆ ಅಳಿಯಿತು, ಹಾಸ್ಯ ಉಳಿಯಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಬೆಳೆಸಿದ ವೀರಣ್ಣನವರು ತಾವು ಒಡೆಯರಾಗಿದ್ದೂ ಹಾಸ್ಯಪಾತ್ರವನ್ನೇ ಮೆಚ್ಚಿ, 'ಸದಾರಮೆ'ಯ ಕಳ್ಳನಾಗಿ ಕೀರ್ತಿವಂತರಾದರೆಂಬುದು ನನ್ನ ಮಾವನಿಗೆ ಬಹು ಪ್ರಿಯವಾದ ಸಾಕ್ಷ್ಯವಾಗಿತ್ತು. ತಿಪಟೂರಿನಲ್ಲಿ 1923ರಲ್ಲಿ ಜನಿಸಿ, ಬಾಲ್ಯದಿಂದಲೇ ಕಂಪನಿಯ ಅನ್ನ ಉಂಡು, 1954ರ 'ಬೇಡರ ಕಣ್ಣಪ್ಪ'ದಿಂದ ಚಿತ್ರರಂಗಕ್ಕೆ ಬಂದ ನರಸಿಂಹರಾಜು ಅವರನ್ನು ಕಂಡು ನಾವು ಬಿದ್ದುಬಿದ್ದು ನಕ್ಕೆವು. ಆದರೆ ಅವರು ನಾಯಕನ ಗೆಳೆಯ, ನಾಯಕನನ್ನು ಪ್ರಶ್ನಿಸುವ ಹುದ್ದೆ ಅವರದಲ್ಲ.

ಆ ಹುದ್ದೆಯನ್ನು ಮರಳಿ ವಶಪಡಿಸಿಕೊಂಡವರು ಮಾಸ್ಟರ್ ಹಿರಣ್ಣಯ್ಯನವರು. ಕೆ. ಹಿರಣ್ಣಯ್ಯನವರ ಮಗನಾಗಿ 1934ರಲ್ಲಿ ಜನಿಸಿದ ಇವರ ಮೂಲ ಹೆಸರು ನರಸಿಂಹಮೂರ್ತಿ. ತಂದೆ ಗತಿಸಿದ ಬಳಿಕ ಅವರ ನಾಟಕಮಂಡಳಿಯೂ ಹೆಸರೂ ಮಗನಿಗೆ ಬಂದವು. ಇವರ 'ಲಂಚಾವತಾರ' ನಾಟಕ ಹತ್ತು ಸಾವಿರಕ್ಕೂ ಮಿಗಿಲಾದ ಪ್ರದರ್ಶನಗಳನ್ನು ಕಂಡಿತೆಂದರೆ ಅದಕ್ಕೆ ಕಾರಣ ಕಥೆಯಲ್ಲ. ಬರೆದ ಮಾತನ್ನು ಬದಿಗಿಟ್ಟು, ಆ ದಿನದ ಮಂತ್ರಿಯ ಸುದ್ದಿಯನ್ನು ಆ ರಾತ್ರಿಯ ರಂಗಕ್ಕೆ ಎಳೆದು ತಂದು, ಎದುರಿಗೆ ಅಧಿಕಾರಿ ಕುಳಿತಿದ್ದರಂತೂ ಇನ್ನಷ್ಟು ಹುರುಪಿನಿಂದ ವಿಚಾರಣೆ ನಡೆಸುತ್ತಿದ್ದ ಅವರ ನಾಲಗೆ. ಮಾನ್ವಿಯ ಚಹಾದಂಗಡಿಯಲ್ಲಿ ಅದರ ಕ್ಯಾಸೆಟ್ಟು ಸವೆದು ಅರ್ಧ ಮಾತು ನುಂಗುತ್ತಿದ್ದರೂ, ನುಂಗಿದ ಅರ್ಧವನ್ನು ಗಿರಾಕಿಗಳೇ ಬಾಯಿಪಾಠದಿಂದ ತುಂಬಿಕೊಡುತ್ತಿದ್ದುದನ್ನು ನಾನು ಕೇಳಿದ್ದೇನೆ. ಹರಿದಾಸ ಜಗನ್ನಾಥದಾಸರ ಆ ಊರಿನಲ್ಲಿ ಕಂಠಪಾಠಕ್ಕೆ ಬರಗಾಲವೆಲ್ಲಿ? 2019ರ ಮೇ ತಿಂಗಳಲ್ಲಿ ಹಿರಣ್ಣಯ್ಯನವರು ತೀರಿಕೊಂಡರು.

ಈಗ ಪ್ರಶ್ನೆ ಕೇಳುವ ಕಾರ್ಯ ದೂರದರ್ಶನ ವಾಹಿನಿಗಳಿಗೆ ಸಂದಿದೆ. ಹಾಸ್ಯಚಿತ್ರಗಳಲ್ಲಿಯೂ ಗಂಭೀರ ಪಾತ್ರಗಳಲ್ಲಿಯೂ ಪಳಗಿದ ರಮೇಶ್ ಅರವಿಂದರು 2014ರಲ್ಲಿ ಆರಂಭವಾದ 'ವೀಕೆಂಡ್ ವಿತ್ ರಮೇಶ್' ಕಾರ್ಯಕ್ರಮವನ್ನು ನಡೆಸುವಾಗ ಸಾಧಕರನ್ನು ಕೆಂಪು ಆಸನದಲ್ಲಿ ಕೂರಿಸಿ, ಬಾಲ್ಯದ ಮೇಷ್ಟ್ರನ್ನೂ ನೆರೆಮನೆಯವರನ್ನೂ ಕರೆತಂದು ಆನಂದಬಾಷ್ಪ ಬರಿಸುತ್ತಿದ್ದರು. ಸೊಗಸಾಗಿಯೇ ಇರುತ್ತಿತ್ತು, ನಾನೂ ಕಣ್ಣೊರಸಿಕೊಂಡವನೇ. ಆದರೆ ಅಲ್ಲಿ ಬಂದವರು ಕೂರುವರು, ಕೇಳುವವನು ಆದರಿಸುವನು; ದೊಡ್ಡಾಟದಲ್ಲಿ ಬಂದವನು ನಿಂತೇ ಉತ್ತರ ಹೇಳಬೇಕು. ನನ್ನ ಪಕ್ಷಪಾತ ನಿಲ್ಲಿಸುವವನ ಕಡೆಗೆ.

ಕಳೆದ ಬೇಸಗೆ ರಾಯಚೂರಿನಿಂದ ನಮ್ಮೂರಿಗೆ ಆಟಕ್ಕೆಂದು ಹೋದಾಗ ಮಾವನ ಪಾತ್ರ ಬಸ್ ಕಂಡಕ್ಟರೊಬ್ಬರಿಗೆ ಬಂದಿತ್ತು. ಅಟ್ಟದ ತುಂಬ ಮೈಕುಗಳು ನೇತಾಡುತ್ತಿದ್ದವು. ಆಯೇರಿ ಕೊಟ್ಟವರ ಹೆಸರನ್ನು ಓದುವ ಕೆಲಸವೂ ಸಾರಥಿಯ ಪಾಲಿಗೇ ಸೇರಿದ್ದರಿಂದ ದುರ್ಯೋಧನನು ಗದೆ ಎತ್ತಿದ ಭಂಗಿಯಲ್ಲಿಯೇ ಐವತ್ತು, ನೂರು ರೂಪಾಯಿಗಳ ಪಟ್ಟಿ ಮುಗಿಯುವವರೆಗೆ ಕಾಯುತ್ತಿದ್ದನು. ಈ ಪಾತ್ರ ಹೇಗೆ ಒಲಿಯಿತೆಂದು ಬೆಳಗ್ಗೆ ಕಂಡಕ್ಟರರನ್ನು ಕೇಳಿದೆನು.

"ಇದರಾಗೇನದರಿ? ಯಾ ಊರು, ಎಲ್ಲಿಗೆ ಹೊಂಟೀರಿ ಅಂತ ದಿನಾ ಕೇಳಾದs ನನ್ನ ಕೆಲಸ," ಎಂದು ಅವರು ಮುಖದ ಬಣ್ಣ ತೊಳೆಯುತ್ತ ಹೇಳಿದರು. "ಆದ್ರ ಅಲ್ಲಿ ಚಿಲ್ಲರೆ ಕೊಡಬೇಕ್ರಿ."